ಹೊಲದ ಕೂಲಿಗೂ ಕನಿಷ್ಠ ವೇತನದ ಕಾನೂನು ಇದೆಯಾ? ಇದ್ದರೆ ಯಾಕೆ ಸಿಗುತ್ತಿಲ್ಲ?

ಇದೆ. 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಕೃಷಿ ಕೆಲಸಕ್ಕೆ ಬೇರೆಯೇ ಭಾಗವಿತ್ತು. ದರ ನಿಗದಿ ಮಾಡುವುದು ರಾಜ್ಯ ಸರ್ಕಾರ. ಒಂದೇ ಕೆಲಸಕ್ಕೆ ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಎಂಬ ಕಾನೂನು 1976ರಲ್ಲಿ ಬಂತು.

ಸಿಗದಿರುವುದಕ್ಕೆ ಮುಖ್ಯ ಕಾರಣ, ದಾಖಲೆ ಇಲ್ಲದಿರುವುದು. ಕಾರ್ಖಾನೆಯಲ್ಲಾದರೆ ಕಾರ್ಮಿಕ ಇಲಾಖೆಯವರು ಹಾಜರಿ ಪುಸ್ತಕ ತೆಗೆಸಿ ನೋಡಬಹುದು. ಹೊಲದಲ್ಲಿ ಏನನ್ನು ನೋಡುತ್ತಾರೆ? ಇವತ್ತು ಒಬ್ಬರ ಗದ್ದೆಯಲ್ಲಿ ಕಳೆ, ನಾಳೆ ಇನ್ನೊಬ್ಬರಲ್ಲಿ ಕೊಯ್ಲು. ಕೂಲಿ ಮಾತಿನಲ್ಲೇ ನಿಗದಿಯಾಗಿ, ಸಂಜೆ ಕೈಗೆ ಬೀಳುತ್ತದೆ. ದೂರು ಕೊಟ್ಟರೆ ನಾಳೆ ಅದೇ ಊರಲ್ಲಿ ಕೆಲಸಕ್ಕೆ ಕರೆಯುವವರು ಯಾರು, ಅಲ್ವಾ? ಕೂಲಿ ಕೊಡುವವನೂ ಎಷ್ಟೋ ಸಲ ಎರಡೆಕರೆಯ ರೈತನೇ. ಹೆಚ್ಚು ಕೊಡುವುದು ಅವನಿಗೂ ಕಷ್ಟ. ಹಾಗಾಗಿ ಕೂಲಿ ನಡೆಯುವುದು ಕಾನೂನಿನ ದರದಂತಲ್ಲ, ಆಳಿನ ಬೇಡಿಕೆಯಂತೆ: ನಾಟಿ ಸಮಯದಲ್ಲಿ ಆಳು ಸಿಗದೆ ತಾನೇ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ.