ಮೂರು ಉಕುಲೆಲೆ, ಮೂರು ಥರದ ಪಿಕಪ್: ಸ್ಟೇಜ್ ಮೇಲೆ ಸೌಂಡ್ ಸರಿ ಮಾಡೋದು ಹೇಗೆ?

"ತಗಡು ಬಡಿದ ಹಾಗೆ ಕೇಳುತ್ತದೆ" ಅಂತ ಬರೆದಿದ್ದೀರಲ್ಲ, ಓದಿ ನಗು ಬಂತು. ನಮ್ಮ ಗುಂಪಿಗೂ ಮೊದಲ ಸಲ ಇದೇ ಮಾತು ಕೇಳಿಬಂದಿತ್ತು. ನಿಮ್ಮಲ್ಲಿ ಮೂರು ಜನ, ಮೂರು ಉಕುಲೆಲೆ, ಅಂದರೆ ಗಿಟಾರಿನಂಥ ನಾಲ್ಕು ತಂತಿಯ ಚಿಕ್ಕ ವಾದ್ಯ. ಅದರ ಅದಿರಾಟವನ್ನು ಕರೆಂಟಾಗಿಸುವ ಪಿಕಪ್ ಮಾತ್ರ ಒಂದೊಂದರಲ್ಲಿ ಒಂದೊಂದು ಥರ. ಒಂದರಲ್ಲಿ ಪಿಕಪ್ಪಿನ ದನಿಯನ್ನು ಬಲಪಡಿಸುವ, ಬ್ಯಾಟರಿ ಹಾಕುವ ಪ್ರೀಆಂಪ್ ಇದೆ. ಇನ್ನೊಂದರಲ್ಲಿ ಸ್ಯಾಡಲ್ (ಮೈಮೇಲೆ ತಂತಿಗಳು ಕೂರುವ ಪಟ್ಟಿ) ಕೆಳಗೆ ಪಿಕಪ್ ಇದೆ, ಬ್ಯಾಟರಿ ಇಲ್ಲ. ಮೂರನೆಯದಕ್ಕೆ ಒಳಗಡೆ ನಾಣ್ಯದಂಥ ಪಿಕಪ್ ಬಿಲ್ಲೆ ಅಂಟಿಸಿದ್ದಾರೆ. ಮನೆಯಲ್ಲಿ ಮೂರೂ ಚೆನ್ನ. ಸ್ಟೇಜ್ ಹತ್ತಿದರೆ ಒಂದು ತಗಡು, ಒಂದು ಕೂಗುತ್ತದೆ, ಬ್ಯಾಟರಿಯದು ಉಳಿದೆರಡನ್ನೂ ನುಂಗಿಹಾಕುತ್ತದೆ. ಎಲ್ಲದಕ್ಕೂ ಒಂದೇ ಥರದ ಹೊಸ ಪಿಕಪ್ ಹಾಕಿಸಬೇಕಾ ಅಂತ ಕೇಳಿದ್ದೀರಿ.

ಬೇಡ. ಪಿಕಪ್ ತಪ್ಪಲ್ಲ. ಅದರ ವೈರನ್ನು ಎಲ್ಲಿಗೆ ಚುಚ್ಚುತ್ತಿದ್ದೀರಿ ಅನ್ನೋದು ತಪ್ಪು.

ಉಕುಲೆಲೆಯ ತಂತಿ ಹೆಚ್ಚಾಗಿ ನೈಲಾನ್ ಅಥವಾ ಫ್ಲೋರೋಕಾರ್ಬನ್. ಹಾಗಾಗಿ ಎಲೆಕ್ಟ್ರಿಕ್ ಗಿಟಾರಿನ ಅಯಸ್ಕಾಂತದ ಪಿಕಪ್ ಇಲ್ಲಿ ಕೆಲಸ ಮಾಡುವುದಿಲ್ಲ. ಸಾಮಾನ್ಯವಾಗಿ ಇರುವುದು ಪೀಜೋ. ಒತ್ತಡ ಬಿದ್ದರೆ ಒಂಚೂರು ಕರೆಂಟ್ ಹುಟ್ಟಿಸುವ ವಸ್ತು ಅದು. ಈ ಪೀಜೋ ಬಾವಿಯ ಸಣ್ಣ ಸೆಲೆ ಇದ್ದ ಹಾಗೆ. ಚೊಂಬಿನಲ್ಲಿ ಮೊಗೆದರೆ ನೀರು ಸಿಗುತ್ತದೆ, ಮೋಟರ್ ಹಚ್ಚಿದರೆ ಬತ್ತುತ್ತದೆ. ಸೌಂಡ್ ಮಿಕ್ಸರಿನಲ್ಲಿ ಕೇಬಲ್ ಚುಚ್ಚುವ ಸಾದಾ ಲೈನ್ ಇನ್‌ಪುಟ್ ಅನ್ನೋದು ಮೋಟರ್.

ಲೆಕ್ಕ ಹಾಕಿ ನೋಡಿ. ಬ್ಯಾಟರಿ ಇಲ್ಲದ ಪೀಜೋದ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಶಕ್ತಿ) ಸುಮಾರು 1 ನ್ಯಾನೋಫ್ಯಾರಡ್ ಅಂತ ಇಟ್ಟುಕೊಳ್ಳೋಣ. ಲೈನ್ ಇನ್‌ಪುಟ್ಟಿನ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಇದು ಕಡಿಮೆ ಇದ್ದಷ್ಟೂ ಎಳೆತ ಜಾಸ್ತಿ) 10 ಕಿಲೋ ಓಮ್ ಇದ್ದರೆ, ಸುಮಾರು 16,000 ಹರ್ಟ್ಜ್‌ಗಿಂತ ಕೆಳಗಿನದೆಲ್ಲ ಸೋರಲು ಶುರುವಾಗುತ್ತದೆ. ಕೆಳಗೆ ಹೋದಷ್ಟೂ ಸೋರಿಕೆ ಜಾಸ್ತಿ. ಉಕುಲೆಲೆಯ ಸಿ ತಂತಿ ಇರುವುದು 262 ಹರ್ಟ್ಜ್‌ನಲ್ಲಿ, ಎ ತಂತಿ 440ರಲ್ಲಿ. ಅಂದರೆ ವಾದ್ಯದ ಇಡೀ ಮೈ ಹೋಯಿತು, ಉಗುರಿನ ಕಿರಿಕಿರಿ ಮಾತ್ರ ಉಳಿಯಿತು. ನಿಮ್ಮ ತಗಡಿನ ಶಬ್ದ ಇದೇ. ಅದೇ ಪಿಕಪ್ಪನ್ನು 1 ಮೆಗಾ ಓಮ್ ಇನ್‌ಪುಟ್ಟಿಗೆ ಹಾಕಿದರೆ ಆ ಗೆರೆ 160 ಹರ್ಟ್ಜ್‌ಗೆ ಇಳಿಯುತ್ತದೆ. 10 ಮೆಗಾ ಓಮ್ ಆದರೆ 16ಕ್ಕೆ.

"ಡಿಐ ಬಾಕ್ಸ್ ಹಾಕಿದ್ದೀವಲ್ಲ ಸರ್" ಅಂತ ಸೌಂಡ್‌ನವರು ಹೇಳುತ್ತಾರೆ. ವಾದ್ಯದ ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸುವ ಪೆಟ್ಟಿಗೆ ಅದು. ಹಾಕಿರುತ್ತಾರೆ, ಸುಳ್ಳಲ್ಲ. ಆದರೆ ಟ್ರಾನ್ಸ್‌ಫಾರ್ಮರ್ ಇರುವ ಸಾದಾ ಪ್ಯಾಸಿವ್ (ಬ್ಯಾಟರಿ, ಕರೆಂಟ್ ಬೇಡದ) ಡಿಐ ಸುಮಾರು 140 ಕಿಲೋ ಓಮ್ ಅಷ್ಟೇ. ಆಗಲೂ ಸೋರಿಕೆ 1,100 ಹರ್ಟ್ಜ್‌ನಿಂದಲೇ ಶುರು. ಕೀಬೋರ್ಡಿಗೆ ಅದು ಧಾರಾಳ ಸಾಕು, ಪೀಜೋಗೆ ಸಾಲದು.

ನಮ್ಮದು ಅಪಾರ್ಟ್‌ಮೆಂಟಿನ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಇದೇ ಆಯಿತು. ಶಾಮಿಯಾನ, ಎರಡು ದೊಡ್ಡ ಸ್ಪೀಕರ್, 12 ಚಾನೆಲ್ಲಿನ ಮಿಕ್ಸರ್. ನನ್ನ ಉಕುಲೆಲೆ ಥೇಟ್ ತಗಡು. "ಬೇಸ್ ಹಾಕ್ತೀನಿ ಬಿಡಿ" ಅಂತ ಸೌಂಡ್ ಹುಡುಗ ಲೋ ನಾಬ್ ಪೂರ್ತಿ ತಿರುಗಿಸಿದ. ಬೇಸ್ ಬರಲಿಲ್ಲ. ಇಲ್ಲದ್ದು ಎಲ್ಲಿಂದ ಬಂದೀತು? ನನ್ನ ಅಂಗಿಯ ಗುಂಡಿ ವಾದ್ಯಕ್ಕೆ ತಾಗಿದ್ದು, ಮಕ್ಕಳು ಹಲಗೆ ಮೇಲೆ ಓಡಿದ್ದು ಮಾತ್ರ ಧಡ್ ಧಡ್ ಅಂತ ಕೇಳಿತು. ಮಧ್ಯದ ಬಿಡುವಿನಲ್ಲಿ ಗೆಳೆಯನ ಗಿಟಾರ್ ಪ್ರೀಆಂಪ್ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು ಅದರ ಮೂಲಕ ಹಾಯಿಸಿದೆವು. ಇಕ್ಯೂ (ದಪ್ಪ, ತೆಳು ದನಿ ಏರಿಳಿಸುವ ನಾಬ್) ಮುಟ್ಟಲೇ ಇಲ್ಲ. ವಾದ್ಯಕ್ಕೆ ಹೊಟ್ಟೆ ಬಂತು. ಮುಂದಿನ ಸಾಲಿನ ಅಜ್ಜಿಯೊಬ್ಬರು "ಈಗ ಕೇಳ್ತಾ ಇದೆ ನೋಡಿ" ಅಂದರು.

ಹಾಗಾಗಿ ದುಡ್ಡು ಹಾಕುವುದಾದರೆ ಬ್ಯಾಟರಿ ಇಲ್ಲದ ಆ ಎರಡಕ್ಕೆ ಒಂದೊಂದು ಆ್ಯಕ್ಟಿವ್ (ಬ್ಯಾಟರಿ ಅಥವಾ ಕರೆಂಟಿನಲ್ಲಿ ನಡೆಯುವ) ಪ್ರೀಆಂಪಿಗೆ ಹಾಕಿ. ಇನ್‌ಪುಟ್ ಕನಿಷ್ಠ 1 ಮೆಗಾ ಓಮ್ ಇರಲಿ. ಎಲ್.ಆರ್. ಬ್ಯಾಗ್ಸ್ ಕಂಪನಿಯ ಪ್ಯಾರಾ ಡಿಐ 10 ಮೆಗಾ ಓಮ್, ಜೊತೆಗೆ ನಾಚ್ ಫಿಲ್ಟರ್ (ಒಂದು ಸ್ವರದ ಸುತ್ತ ಮಾತ್ರ ಕತ್ತರಿಸುವಂಥದ್ದು), ಫೇಸ್ ತಿರುಗಿಸುವ (ದನಿಯ ಅಲೆಯನ್ನು ತಲೆಕೆಳಗು ಮಾಡುವ) ಸ್ವಿಚ್ ಇವೆ. 9 ವೋಲ್ಟ್ ಬ್ಯಾಟರಿಯಲ್ಲೂ ನಡೆಯುತ್ತದೆ, ಮಿಕ್ಸರಿನಿಂದ ಮೈಕ್ ಕೇಬಲ್ಲಿನಲ್ಲೇ ಬರುವ 48 ವೋಲ್ಟ್ ಫ್ಯಾಂಟಮ್ ಪವರಿನಲ್ಲೂ ನಡೆಯುತ್ತದೆ. ಅಗ್ಗದ್ದಲ್ಲ. ತಕ್ಷಣಕ್ಕೆ ಆಗದಿದ್ದರೆ ಮಿಕ್ಸರಿನಲ್ಲಿ ಹೈ-ಝೀ ಅಥವಾ ಇನ್‌ಸ್ಟ್ರುಮೆಂಟ್ ಅಂತ ಬರೆದ ಬಟನ್ ಇದೆಯಾ ನೋಡಿ, ಪಿಕಪ್ಪನ್ನು ಆ ಚಾನೆಲ್ಲಿಗೆ ಹಾಕಿ ಬಟನ್ ಒತ್ತಿ. ಪ್ರೀಆಂಪ್ ಪೆಟ್ಟಿಗೆ ನಿಮ್ಮ ಕಾಲ ಬಳಿಯೇ ಇರಲಿ, ಅಲ್ಲಿವರೆಗಿನ ಕೇಬಲ್ ಚಿಕ್ಕದಿರಲಿ. ಉದ್ದ ಕೇಬಲ್ ಇದ್ದರೆ ಪೀಜೋದ ದನಿ ಇಳಿಯುತ್ತದೆ. ಮತ್ತೆ, ಎರಡು ಉಕುಲೆಲೆಗಳನ್ನು ವೈ ಕೇಬಲ್‌ನಲ್ಲಿ ಸೇರಿಸಿ ಒಂದೇ ಚಾನೆಲ್ಲಿಗೆ ಕೊಡಬೇಡಿ. ಒಂದನ್ನೊಂದು ಎಳೆದು ಎರಡೂ ಹಾಳಾಗುತ್ತವೆ.

ಈಗ ಕೂಗುವುದು. ಅದು ಬಿಲ್ಲೆಯದು ತಾನೇ? ಬಿಲ್ಲೆ ತಂತಿಯನ್ನಷ್ಟೇ ಅಲ್ಲ, ಇಡೀ ಮೇಲ್ಹಲಗೆಯನ್ನು ಕೇಳುತ್ತದೆ. ಅದಕ್ಕೇ ಮೂರರಲ್ಲಿ ಮರದ ದನಿ ಅದರದೇ ಚೆನ್ನ, ನನಗಂತೂ ಅದೇ ಇಷ್ಟ. ಆದರೆ ಬಾರಿಸುವವರ ಕಡೆ ತಿರುಗಿಸಿಟ್ಟ ಮಾನಿಟರ್ ಸ್ಪೀಕರಿನ ಶಬ್ದ ಬಂದು ಹಲಗೆಗೆ ಬಡಿದರೆ ಅದನ್ನೂ ಕೇಳಿಸಿಕೊಂಡು ಮತ್ತೆ ಸ್ಪೀಕರಿಗೇ ಕಳಿಸುತ್ತದೆ. ಮೊದಲು ಮಾನಿಟರ್ ಜಾಗ ಬದಲಿಸಿ, ವಾದ್ಯದ ಹೊಟ್ಟೆಗೆ ನೇರ ಇರಬಾರದು. ಆಮೇಲೆ ಫೇಸ್ ಸ್ವಿಚ್ ಒತ್ತಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ.

ಆದರೂ ಕೂಗಿದರೆ ಮನೆಯಲ್ಲೇ ಈ ಕೆಲಸ ಮಾಡಿಟ್ಟುಕೊಳ್ಳಿ. ತಂತಿಗಳನ್ನು ಅಂಗೈಯಿಂದ ಮುಚ್ಚಿ. ವಾದ್ಯದ ತೂತಿನ ಹತ್ತಿರ ಬಾಯಿ ಇಟ್ಟು "ಊ" ಅಂತ ಕೆಳಗಿನಿಂದ ಮೇಲಕ್ಕೆ ನಿಧಾನ ಜಾರಿಸಿ. ಒಂದು ಸ್ವರ ಬಂದಾಗ ವಾದ್ಯ ಕೈಯಲ್ಲಿ ಜುಂ ಅನ್ನುತ್ತದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಾಳೆ, ಪರವಾಗಿಲ್ಲ. ಆ ಸ್ವರವನ್ನು ಮೊಬೈಲ್ ಟ್ಯೂನರಿನಲ್ಲಿ ನೋಡಿ ಬರೆದುಕೊಳ್ಳಿ. ಹೆಚ್ಚು ಕಡಿಮೆ ಅಲ್ಲೇ ಅದು ಕೂಗುವುದು. ನಾಚ್ ಫಿಲ್ಟರನ್ನು ಅಲ್ಲಿಗೆ ತಿರುಗಿಸಿ ಕತ್ತರಿಸಿ.

ಬ್ಯಾಟರಿಯದಕ್ಕೆ ಜಾಸ್ತಿ ಹೇಳುವುದಿಲ್ಲ. ಅದು ಜೋರು, ಅಷ್ಟೇ. ಪ್ರೀಆಂಪಿನ ಇಕ್ಯೂ ಎಲ್ಲ ನಡುವಿಗೆ ತಂದು, ವಾಲ್ಯೂಮ್ ಅರ್ಧದ ಮೇಲೆ ಸ್ವಲ್ಪ ಇಡಿ. ಜೋರಾಗಿ ಬಾರಿಸಿದಾಗ ಚರ್ ಅಂತ ಒಡೆದರೆ ಮೊದಲು ಬ್ಯಾಟರಿ ಬದಲಿಸಿ. ಇಂಥವುಗಳಲ್ಲಿ ಸಾಮಾನ್ಯವಾಗಿ ಜ್ಯಾಕ್ ಚುಚ್ಚಿದರೆ ಸ್ವಿಚ್ ಆನ್ ಆದ ಹಾಗೆ. ಬಾರಿಸದೆ ಚುಚ್ಚಿಟ್ಟರೂ ಬ್ಯಾಟರಿ ಖಾಲಿಯಾಗುತ್ತಾ ಹೋಗುತ್ತದೆ. ಸ್ವಂತ ಅನುಭವ, ಎರಡು ಸಲ.

ಸೌಂಡ್ ಚೆಕ್ಕಿನಲ್ಲಿ ಒಬ್ಬರೇ ಮೂರನ್ನೂ ಬಾರಿಸಿ. ಅದೇ ಕೈ, ಅದೇ ಸಿ ಕಾರ್ಡ್. ಮೂರಕ್ಕೂ ಮೀಟರ್ ಒಂದೇ ಕಡೆ ಬರುವ ಹಾಗೆ ಗೇನ್ (ಒಳಬರುವ ದನಿಯ ಮಟ್ಟ) ಹೊಂದಿಸಿ. ಅಲ್ಲಿವರೆಗೆ ಇಕ್ಯೂಗೆ ಕೈ ಹಾಕಲು ಬಿಡಬೇಡಿ. ಮಟ್ಟ ಬೇರೆ ಬೇರೆ ಇದ್ದಾಗ ಜೋರಿನದು ಚೆನ್ನಾಗಿದೆ ಅಂತ ಕಿವಿಗೆ ಅನ್ನಿಸುತ್ತದೆ, ಆಮೇಲೆ ಮಾಡುವ ತಿದ್ದುಪಡಿಯೆಲ್ಲ ದಾರಿ ತಪ್ಪುತ್ತದೆ.

ಇಕ್ಯೂನಲ್ಲಿ ಏರಿಸುವುದಕ್ಕಿಂತ ಇಳಿಸುವುದೇ ಒಳ್ಳೆಯದು. ಸ್ಯಾಡಲ್ ಕೆಳಗಿನದಕ್ಕೆ ಬಾತುಕೋಳಿ ದನಿ ಬರುತ್ತದಲ್ವಾ, ಅದಕ್ಕೆ 2,000ದಿಂದ 3,000 ಹರ್ಟ್ಜ್ ನಡುವೆ ಸ್ವಲ್ಪ ಇಳಿಸಿ. ಹೈ ಜಿ ತಂತಿಯ (ಜಿ ತಂತಿ ಸಿಗಿಂತ ಮೇಲಿನ ಸ್ವರದಲ್ಲಿರುವ) ಉಕುಲೆಲೆ ಆದರೆ 150 ಹರ್ಟ್ಜ್ ಕೆಳಗೆ ಸಂಗೀತವೇ ಇಲ್ಲ, ಧೈರ್ಯವಾಗಿ ಕತ್ತರಿಸಿ. ಲೋ ಜಿ ಹಾಕಿದ್ದರೆ ಆ ತಂತಿ 196ರಲ್ಲಿದೆ, ಅದಕ್ಕೆ ಹತ್ತಿರ ಹೋಗಬೇಡಿ. ಮೂರೂ ಒಂದೇ ಥರ ಕೇಳಲಿ ಅಂತ ಮಾತ್ರ ಒದ್ದಾಡಬೇಡಿ. ಬೇರೆ ಬೇರೆ ದನಿ ಇದ್ದರೆ ಕೇಳುವವರಿಗೆ ಮೂರು ಜನ ಬಾರಿಸುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಬಿಲ್ಲೆಯದರಲ್ಲಿ ಬಿಡಿಸಿ ನುಡಿಸಲಿ, ಸ್ಯಾಡಲ್ ಕೆಳಗಿನದರಲ್ಲಿ ತಾಳದ ಹೊಡೆತ ಬರಲಿ.

ಪ್ರೀಆಂಪ್ ಸಿಗುವವರೆಗೆ ಒಂದು ಸಾದಾ ಡೈನಮಿಕ್ ಮೈಕ್ ಸಾಕು. ಕತ್ತು ಮೈಗೆ ಸೇರುವ ಜಾಗಕ್ಕೆ ಗುರಿ ಇಟ್ಟು ಒಂದು ಗೇಣು ದೂರದಲ್ಲಿ ನಿಲ್ಲಿಸಿ. ತೂತಿಗೆ ನೇರ ಇಟ್ಟರೆ ಗುಂ ಗುಂ ಅನ್ನುತ್ತದೆ. ಚಿಕ್ಕ ಹಾಲಿನಲ್ಲಿ ನಾವು ಈಗಲೂ ಬಿಲ್ಲೆಯದಕ್ಕೆ ಹೀಗೇ ಮಾಡುವುದು.

ಮಿಕ್ಸರ್ ಯಾವುದು ಅಂತ ಬರೆದಿಲ್ಲ ನೀವು. ಹಿಂದಿನ ಪ್ಯಾನೆಲ್ಲಿನ ಫೋಟೋ ಹಾಕಿ, ಎಲ್ಲಿ ಚುಚ್ಚಬೇಕು ಅಂತ ಹೇಳುತ್ತೇನೆ.