ಅಪ್ಪನ ಜೊತೆ ನೇಪಾಳಕ್ಕೆ, ಕಟ್ಟಡದ ಕೆಲಸಕ್ಕೆ

ಪ್ರಶ್ನೆ: ನನಗೆ 25 ವರ್ಷ. ಸಿವಿಲ್ ಡಿಪ್ಲೊಮಾ ಮುಗಿಸಿ ಒಂದು ಸಣ್ಣ ಕಚೇರಿಯಲ್ಲಿ ನಕ್ಷೆ ಬರೆಯುತ್ತೇನೆ. ಅಪ್ಪ ಬಡಗಿ, 62 ವರ್ಷ. ನಮ್ಮ ಚರ್ಚಿನಿಂದ ಎಂಟು ಮಂದಿ ನೇಪಾಳದ ಗೋರ್ಖಾ ಜಿಲ್ಲೆಗೆ ಹೋಗುತ್ತಿದ್ದಾರೆ. ಅಲ್ಲಿ ಒಂದು ಕ್ರೈಸ್ತ ಸೇವಾಸಂಸ್ಥೆಯ ಹಾಸ್ಟೆಲ್ ದುರಸ್ತಿ ಮಾಡುವುದಕ್ಕೆ ಮೂರು ವಾರದ ಕೆಲಸ. ಅಪ್ಪ ಆಗಲೇ ಹೆಸರು ಕೊಟ್ಟಾಗಿದೆ, ನಾನೂ ಜೊತೆಗೆ ಬರಬೇಕೆಂದು ಅವರ ಆಸೆ. ಅಮ್ಮ ಮಾತ್ರ, "ಈ ವಯಸ್ಸಿಗೆ ಬೇರೆ ದೇಶಕ್ಕೆ ಹೋಗಿ ಕಲ್ಲು ಹೊರಬೇಕಾ? ಆ ಟಿಕೆಟಿನ ದುಡ್ಡನ್ನೇ ಕಳಿಸಿಬಿಡಿ" ಎನ್ನುತ್ತಾರೆ. ಅಮ್ಮನ ಮಾತೇ ಸರಿ ಅನಿಸುತ್ತಿದೆ. ಏನು ಮಾಡಲಿ?
– ಹೆಸರು ಬೇಡ, ಉಡುಪಿ

ಉತ್ತರ: ನಿಮ್ಮ ಪತ್ರವನ್ನು ನಮ್ಮಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ಗೋಡೆ ಮಣ್ಣಿನಲ್ಲಿ ಕಟ್ಟಿದ್ದಾ, ಸಿಮೆಂಟಿನಲ್ಲಾ?"

ಅಪ್ಪನಿಗೆ ಈಗ 74. ಮಂಗಳೂರಿನ ಹಂಚಿನ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷ ದುಡಿದರು. ಅದು ಮುಚ್ಚಿದ ಮೇಲೆ ಹಂಚು ಹೊರುವ ಪಕಾಸು ರೀಪಿನ ಮರ ಹೊಡೆದು ಮಾಡು, ಅಂದರೆ ಛಾವಣಿ, ಕಟ್ಟುವ ಕೆಲಸ ಹಿಡಿದರು. 2016ರ ನವೆಂಬರಿನಲ್ಲಿ ನಾವಿಬ್ಬರೂ ನಿಮ್ಮ ಹಾಗೆಯೇ ಒಂದು ತಂಡದ ಜೊತೆ ನೇಪಾಳಕ್ಕೆ ಹೋಗಿದ್ದೆವು. ಗೋರ್ಖಾದ ಪಕ್ಕದ ಧಾದಿಂಗ್ ಜಿಲ್ಲೆಯ ಒಂದು ಗುಡ್ಡದ ಊರು. ಆದ್ದರಿಂದ ನಿಮಗೆ ಕೇಳಿ ತಿಳಿದದ್ದನ್ನಲ್ಲ, ಕಂಡದ್ದನ್ನೇ ಹೇಳುತ್ತೇನೆ.

ಹೋಗಿ. ಆದರೆ ಅಪ್ಪ ಕೇಳಿದ ಆ ಪ್ರಶ್ನೆಗೆ ಉತ್ತರ ತರಿಸಿಕೊಂಡು ಹೋಗಿ.

ಆ ಪ್ರಶ್ನೆ ಯಾಕೆ ಮುಖ್ಯ ಎಂದರೆ, ಅಲ್ಲಿನ ಹಳೆಯ ಮನೆಗಳೆಲ್ಲ ಕಲ್ಲು ಮತ್ತು ಮಣ್ಣಿನವು. ಗೋಡೆಗೆ ಒಳಮುಖ ಒಂದು, ಹೊರಮುಖ ಒಂದು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡೂ ಮುಖಗಳನ್ನು ಸೇರಿಸಿ ಹಿಡಿಯುವ ಉದ್ದಕಲ್ಲು ಅಲ್ಲಲ್ಲಿ ಇಡದಿದ್ದರೆ, ನೆಲ ಅಲುಗಿದಾಗ ಎರಡೂ ಬೇರೆಯಾಗಿ, ಗೋಡೆ ಹೊಟ್ಟೆ ಬಿಟ್ಟು ಬೀಳುತ್ತದೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಆದದ್ದು ಅದೇ. ನಿಮ್ಮ ಗೋರ್ಖಾದ ಬಾರ್ಪಾಕ್ ಎಂಬಲ್ಲಿ ಕೇಂದ್ರ, 7.8ರ ತೀವ್ರತೆ, ಸುಮಾರು ಒಂಬತ್ತು ಸಾವಿರ ಜನ ಹೋದರು. ಅಂದು ಶನಿವಾರ, ಹೊತ್ತು ನಡು ಹಗಲಿನ ಹತ್ತಿರ. ನೇಪಾಳದಲ್ಲಿ ವಾರದ ರಜೆ ಶನಿವಾರವೇ ಆದ್ದರಿಂದ ಶಾಲೆಗಳು ಖಾಲಿ ಇದ್ದವು, ಎಷ್ಟೋ ಮಕ್ಕಳು ಉಳಿದರು. ಆದರೆ ಅಲ್ಲಿನ ಕ್ರೈಸ್ತರು ಆರಾಧನೆಗೆ ಸೇರುವುದೂ ಶನಿವಾರ. ನಾವಿದ್ದ ಊರಿನ ಕ್ರೈಸ್ತ ಸಭೆಯವರು ಈ ಮಾತು ಬಂದಾಗೆಲ್ಲ ಸುಮ್ಮನಾಗುತ್ತಿದ್ದರು. ನಾವು ಮತ್ತೆ ಕೇಳಲಿಲ್ಲ.

ನಾವು ದುರಸ್ತಿಗೆ ಹೋದ ಕಟ್ಟಡ ಸಂಸ್ಥೆಯ ಎರಡು ಕೋಣೆಯ ಹಾಸ್ಟೆಲ್. ನಮಗಿಂತ ಮೊದಲು, ಮಳೆಗಾಲಕ್ಕೆ ಮುಂಚೆ, ಬೇರೊಂದು ದೇಶದಿಂದ ಸ್ವಯಂಸೇವಕರ ತಂಡವೊಂದು ಬಂದು ಎರಡು ವಾರ ಕೆಲಸ ಮಾಡಿ ಹೋಗಿತ್ತು. ಅವರು ಪ್ರೀತಿಯಿಂದಲೇ ಮಾಡಿದ್ದರು. ಮಣ್ಣಿನ ಗೋಡೆಗೆ ದಪ್ಪಗೆ ಸಿಮೆಂಟ್ ಗಿಲಾವು ಹೊಡೆದು, ಮೇಲೆ ನೀಲಿ ಬಣ್ಣ ಬಳಿದು, ಮಕ್ಕಳ ಕೈ ಅದ್ದಿಸಿ ಅಚ್ಚು ಒತ್ತಿಸಿದ್ದರು. ನಾವು ಹೋಗುವಾಗ ಆ ಗಿಲಾವು ರೊಟ್ಟಿಯ ಹಾಗೆ ಉಬ್ಬಿ, ಅರ್ಧ ಕಳಚಿ ಬಿದ್ದಿತ್ತು. ಮಣ್ಣಿನ ಗೋಡೆ ಉಸಿರಾಡಬೇಕು. ಅದಕ್ಕೆ ಸಿಮೆಂಟಿನ ಅಂಗಿ ತೊಡಿಸಿದರೆ ಒಳಗಿನ ತೇವ ಹೊರಗೆ ಬರಲು ದಾರಿಯಿಲ್ಲದೆ ಮಣ್ಣನ್ನೇ ಸಡಿಲ ಮಾಡುತ್ತದೆ. ಅಪ್ಪ ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಉದ್ದಕ್ಕೂ ನಡೆದರು. ಟೊಳ್ಳು ಸದ್ದು ಬಂದಲ್ಲೆಲ್ಲ ಇದ್ದಿಲಿನಿಂದ ಗೀಟು ಹಾಕಿದರು. ನಾಲ್ಕು ಗೋಡೆಯಲ್ಲಿ ಗೀಟಿಲ್ಲದ ಜಾಗ ಒಂದು ಬಾಗಿಲಿನಷ್ಟೂ ಉಳಿಯಲಿಲ್ಲ. ನಮ್ಮ ಮೊದಲ ನಾಲ್ಕು ದಿನ ಹೋದದ್ದು ಅದನ್ನು ಕೆರೆದು ತೆಗೆಯುವುದಕ್ಕೆ. ಮಕ್ಕಳ ಕೈಯಚ್ಚುಗಳನ್ನೂ ಕೆರೆದೆವು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಹಾಗಾಗಿ ನಿಮ್ಮ ತಂಡದ ಮುಖ್ಯಸ್ಥರನ್ನು ಕೇಳಿ: ಏನು ಮಾಡಬೇಕು ಎಂದು ನಿರ್ಧರಿಸಿದವರು ಯಾರು? ಅಲ್ಲಿನ ಮೇಸ್ತ್ರಿಯೋ, ಇಲ್ಲಿನ ಸಮಿತಿಯೋ? ಅಲ್ಲಿ ಕಲ್ಲು ಕಟ್ಟುವವನಿಗೆ ಡಕರ್ಮಿ ಎನ್ನುತ್ತಾರೆ, ಮರದ ಕೆಲಸದವನಿಗೆ ಸಿಕರ್ಮಿ. ನಿಮ್ಮ ತಂದೆ ಸಿಕರ್ಮಿಯಾಗಿ ಒಬ್ಬ ಡಕರ್ಮಿಯ ಕೈಕೆಳಗೆ ಕೆಲಸ ಮಾಡುವುದಾದರೆ ಸಂತೋಷದಿಂದ ಹೋಗಿ. ಎಂಟು ಮಂದಿ ಹೊಸಬರು ತಾವೇ ಗೋಡೆ ಎಬ್ಬಿಸುವುದಾದರೆ ಬೇಡ.

ಈಗ ನಿಮ್ಮ ಅಮ್ಮನ ಮಾತು. ದುಡ್ಡಿನ ಲೆಕ್ಕದಲ್ಲಿ ಅವರು ಹೇಳುವುದು ಸುಳ್ಳಲ್ಲ. ಎಂಟು ಮಂದಿಯ ಪ್ರಯಾಣದ ಖರ್ಚಿನಲ್ಲಿ ಅಲ್ಲಿನ ಮೇಸ್ತ್ರಿಗೆ ಎಷ್ಟೋ ದಿನದ ಕೂಲಿ ಕೊಡಬಹುದು. ಸುಮ್ಮನೆ ಮಣ್ಣು ಹೊರಲು ಹೋಗುವುದಾದರೆ ನಾನೂ ಹಣ ಕಳಿಸಿ ಎಂದೇ ಹೇಳುತ್ತಿದ್ದೆ. ಆದರೆ ಕೈಕೆಲಸ ಗೊತ್ತಿದ್ದವರ ವಿಷಯ ಬೇರೆ. ಆ ಗುಡ್ಡದ ಊರುಗಳಲ್ಲಿ ದುಡಿಯುವ ವಯಸ್ಸಿನ ಗಂಡಸರು ಕೊಲ್ಲಿ ದೇಶಗಳಿಗೆ, ಮಲೇಷ್ಯಾಕ್ಕೆ ಹೋಗಿದ್ದಾರೆ. ನಾವಿದ್ದಾಗ ಊರಿಗೆ ಊರೇ ಮನೆ ಕಟ್ಟಿಕೊಳ್ಳುತ್ತಿತ್ತು. ಸರ್ಕಾರದ ಮೂರು ಲಕ್ಷ ನೇಪಾಳಿ ರೂಪಾಯಿ ಕಂತಿನಲ್ಲಿ ಬರುವುದು, ಎಂಜಿನಿಯರ್ ಬಂದು ನೋಡಿದರೆ ಮಾತ್ರ ಮುಂದಿನ ಕಂತು. ದುಡ್ಡಿದ್ದರೂ ಬಡಗಿ ಸಿಗುತ್ತಿರಲಿಲ್ಲ. ಅಪ್ಪನಂಥ ಒಬ್ಬರ ಮೂರು ವಾರಕ್ಕೆ ಅಲ್ಲಿ ಬೆಲೆಯಿತ್ತು. ನಿಮ್ಮ ತಂದೆಯ ಮೂರು ವಾರಕ್ಕೂ ಈಗ ಅಂಥ ಕೆಲಸ ಕಾದಿದೆಯೇ ಎಂಬುದನ್ನು ಕೇಳಿ ತಿಳಿಯಿರಿ. ಇದ್ದರೆ ಅಮ್ಮನಿಗೂ ಅದನ್ನೇ ಹೇಳಿ.

ಅಪ್ಪನಿಗೆ ಸಿಕ್ಕ ಕೆಲಸ ಮರದ ಪಟ್ಟಿ. ಮಾಡಿನ ಕೆಳಗೆ ನಾಲ್ಕೂ ಗೋಡೆಯನ್ನು ಸುತ್ತಿ ಬರುವಂತೆ, ಮಲಗಿಸಿದ ಏಣಿಯ ಹಾಗೆ ಎರಡು ಉದ್ದ ಮರ, ನಡುನಡುವೆ ಅಡ್ಡ ಮರ. ಪೆಟ್ಟಿಗೆಗೆ ಹಗ್ಗ ಬಿಗಿದ ಹಾಗೆ ಅದು ಗೋಡೆಗಳನ್ನು ಒಟ್ಟಿಗೆ ಹಿಡಿಯುತ್ತದೆ. ಮೇಲಿನ ತ್ರಿಕೋನದ ಕಲ್ಲುಗೋಡೆಯನ್ನು ಮೇಸ್ತ್ರಿ ಪೂರ್ತಿ ಇಳಿಸಿ, ಅಲ್ಲಿಗೆ ತಗಡು ಹೊಡೆಸಿದ, ಮಲಗಿದ ಮಕ್ಕಳ ತಲೆಯ ಮೇಲೆ ಭಾರ ಬೇಡ ಎಂದು. ಪಟ್ಟಿಗೆ ಬೇಕಾದ ಮರ ಬಿದ್ದ ಮನೆಗಳಿಂದ ಆರಿಸಿ ತಂದ ಹಳೆಯ ಸಾಲ್ ಮರ. ಒಂದೊಂದೂ ಕಬ್ಬಿಣ. ಮೂಲೆಯಲ್ಲಿ ಎರಡನ್ನೂ ಅರ್ಧರ್ಧ ಕಚ್ಚು ಕಡಿದು ಕೂರಿಸಬೇಕು.

ಪಟ್ಟಿ ನಾಲ್ಕೂ ಮೂಲೆಯಲ್ಲಿ ಒಂದೇ ಮಟ್ಟಕ್ಕೆ ಬರಬೇಕಲ್ಲ, ಅದಕ್ಕೆ ಅಪ್ಪ ನೀರಿನ ಕೊಳವೆ ತೆಗೆದರು. ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಮೂವತ್ತು ಅಡಿ, ಮಂಗಳೂರಿನಿಂದಲೇ ಸುತ್ತಿ ತಂದದ್ದು. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಒಳಗೆ ತುಂಬಿದ ನೀರು ಎರಡೂ ತುದಿಯಲ್ಲಿ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ, ಮೊದಲು ಬೆರಳಿನಿಂದ ತಟ್ಟಿ ತಟ್ಟಿ ಗುಳ್ಳೆ ಹೊರಡಿಸಬೇಕು. ಆಮೇಲೆ ಅವರು ಒಂದು ಮೂಲೆಯಲ್ಲಿ, ನಾನು ಗೋಡೆಯ ಆಚೆ ಇನ್ನೊಂದು ಮೂಲೆಯಲ್ಲಿ, ಒಬ್ಬರಿಗೊಬ್ಬರು ಕಾಣುವುದಿಲ್ಲ. ನೀರು ಏರಿ, ಇಳಿದು, ನಡುಗಿ, ನಿಲ್ಲುವವರೆಗೆ ಉಸಿರು ಹಿಡಿದು ಕಾಯಬೇಕು. "ನಿಂತಿತಾ?" "ನಿಂತಿತು." "ಗೀಟು ಹಾಕು." ನಾನು ಅವರ ಮಗಳಾಗಿ ಮೂವತ್ತೊಂದು ವರ್ಷವಾಗಿತ್ತು. ಮನೆಯ ಮಾಡಿಗೆ ಏಣಿ ಹತ್ತಲು ತಮ್ಮನನ್ನು ಕರೆಯುತ್ತಿದ್ದರೇ ಹೊರತು ನನ್ನನ್ನು ಒಮ್ಮೆಯೂ ಕರೆದಿರಲಿಲ್ಲ. ಆ ಮೂರನೆಯ ಮೂಲೆಯಲ್ಲಿ ನಾನು ಹಾಕಿದ ಗೀಟನ್ನು ಅವರು ಮತ್ತೆ ಅಳೆದು ನೋಡಲೇ ಇಲ್ಲ. ನೇರ ಗರಗಸ ಎತ್ತಿಕೊಂಡರು.

ನೀವು ನಕ್ಷೆ ಬರೆಯುವವರು. ನಿಮ್ಮ ತಂದೆ ಯಾಕೆ ಕರೆಯುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತದೆ.

ಎರಡು ಎಚ್ಚರಿಕೆ ಹೇಳಲೇಬೇಕು. ಒಂದು, ತಂದೆಯ ಆರೋಗ್ಯ. ನಮ್ಮಪ್ಪ ರಕ್ತದೊತ್ತಡದ ಮಾತ್ರೆ ಕಡಿಮೆಯಾಗುತ್ತಿದೆಯೆಂದು ನನಗೆ ಹೇಳದೆ ದಿನ ಬಿಟ್ಟು ದಿನ ತಿನ್ನುತ್ತಿದ್ದರು. ಹತ್ತನೆಯ ದಿನ ಏಣಿಯ ಮೇಲೆ ತಲೆ ಸುತ್ತಿತು. ಪುಣ್ಯಕ್ಕೆ ಕೆಳಗಿನ ಮೆಟ್ಟಿಲಿನಲ್ಲಿದ್ದರು. ಹತ್ತಿರದ ಆಸ್ಪತ್ರೆಗೆ ಎರಡು ಗಂಟೆ ಗುಡ್ಡ ಇಳಿದು, ಆಮೇಲೆ ಜೀಪು. ಮಾತ್ರೆಯ ಲೆಕ್ಕ ನಿಮ್ಮ ಕೈಯಲ್ಲಿರಲಿ, ಒಂದು ವಾರದ್ದು ಹೆಚ್ಚೇ ಇರಲಿ. ಪ್ರಯಾಣ ವಿಮೆ ಮಾಡಿಸಿ.

ಇನ್ನೊಂದು, ಆ ಹಾಸ್ಟೆಲ್ ಎಂಥದ್ದು ಎಂದು ತಿಳಿದುಕೊಳ್ಳಿ. ನಾವು ಹೋದ ಕಡೆ ಮೇಲಿನ ಗುಡ್ಡಗಳ ಮಕ್ಕಳು ಶಾಲೆಗಾಗಿ ಇರುತ್ತಿದ್ದರು, ಹಬ್ಬಕ್ಕೆ ಮನೆಗೆ ಹೋಗುತ್ತಿದ್ದರು. ಆದರೆ ನೇಪಾಳದಲ್ಲಿ ಅನಾಥಾಲಯ ಎಂಬ ಹೆಸರಿನ ಮನೆಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಾಯಿಯೋ ತಂದೆಯೋ ಬದುಕಿದ್ದಾರೆ. ವಿದೇಶಿ ಸ್ವಯಂಸೇವಕರು ಬರುತ್ತಾರೆ, ಕಾಣಿಕೆ ಬರುತ್ತದೆ ಎಂದೇ ಮಕ್ಕಳನ್ನು ಊರಿನಿಂದ ತಂದು ಕೂರಿಸುವವರಿದ್ದಾರೆ. ಮಕ್ಕಳ ಮನೆಯವರು ಎಲ್ಲಿದ್ದಾರೆ, ವರ್ಷಕ್ಕೆ ಎಷ್ಟು ಸಲ ಹೋಗುತ್ತಾರೆ, ಸರ್ಕಾರದ ನೋಂದಣಿ ಇದೆಯೇ ಎಂದು ಕೇಳಿ. ಒಳ್ಳೆಯ ಸಂಸ್ಥೆ ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಸರಿಯಾದ ಉತ್ತರ ಬರದಿದ್ದರೆ ಅಪ್ಪನನ್ನೂ ತಡೆಯಿರಿ.

ಪ್ರಶ್ನೆ: ಗೆಳೆಯನೊಬ್ಬ ತನ್ನ ತಾಯಿಯ ಜೊತೆ ಇಂಥ ಕೆಲಸಕ್ಕೆ ನೇಪಾಳಕ್ಕೆ ಹೋಗುತ್ತಿದ್ದಾನೆ, ನನ್ನನ್ನೂ ಕರೆದಿದ್ದಾನೆ. ನಾನು ಕ್ರೈಸ್ತನಲ್ಲ. ಅಲ್ಲಿ ಮತಪ್ರಚಾರ ಮಾಡಬೇಕಾಗುತ್ತದೆಯೇ?
– ಓದುಗ, ಧಾರವಾಡ

ಉತ್ತರ: ಮಾಡಬಾರದು, ಮಾಡುವಂತೆಯೂ ಇಲ್ಲ. ನೇಪಾಳದ ಸಂವಿಧಾನವೇ ಮತಾಂತರ ಮಾಡಿಸುವುದನ್ನು ನಿಷೇಧಿಸಿದೆ. 2018ರ ಆಗಸ್ಟಿನಲ್ಲಿ ಜಾರಿಗೆ ಬಂದ ಅಲ್ಲಿನ ದಂಡಸಂಹಿತೆಯಲ್ಲಿ ಐದು ವರ್ಷದವರೆಗೆ ಸೆರೆ, ಐವತ್ತು ಸಾವಿರ ನೇಪಾಳಿ ರೂಪಾಯಿಯವರೆಗೆ ದಂಡ. ವಿದೇಶಿಯರಾದರೆ ಶಿಕ್ಷೆಯ ಬಳಿಕ ಗಡೀಪಾರು. ಚೀಲದಲ್ಲಿ ಹಂಚುವ ಕರಪತ್ರ ಯಾರೂ ಇಟ್ಟುಕೊಳ್ಳದಂತೆ ನೋಡಿಕೊಳ್ಳಿ. ನಿಮ್ಮೊಬ್ಬರ ಉತ್ಸಾಹಕ್ಕೆ ತೊಂದರೆ ಅನುಭವಿಸುವವರು ಅಲ್ಲಿನ ಸಭೆಯವರು.

ನನ್ನ ಮಟ್ಟಿಗೆ ಹೇಳುವುದಾದರೆ, ನಾನು ನಂಬಿಕೆಯಿಂದಲೇ ಹೋದವಳು. ಬೆಳಿಗ್ಗೆ ಹತ್ತು ನಿಮಿಷ ಪ್ರಾರ್ಥನೆ ಮಾಡಿ ಕೆಲಸಕ್ಕೆ ಇಳಿಯುತ್ತಿದ್ದೆವು. ನಮ್ಮ ಮೇಸ್ತ್ರಿ ತಾಮಾಂಗ್ ಸಮುದಾಯದವನು, ಬೌದ್ಧ. ಆ ಹತ್ತು ನಿಮಿಷ ಅವನು ಹೊರಗೆ ಕೂತು ಸಾಹುಲ್‌ನ ದಾರ ಬಿಡಿಸುತ್ತಿದ್ದ. ನಾವು ತೂಗುಗುಂಡು ಎನ್ನುವುದಕ್ಕೆ ಅವರು ಹಾಗೆ ಹೇಳುತ್ತಾರೆ. ಅವನೂ ಅಪ್ಪನೂ ಹಿಂದಿಯ ಹತ್ತು ಪದಗಳಲ್ಲಿ ಮೂರು ವಾರ ಕಳೆದರು. ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆ ಕಸುಬು ಇಲ್ಲಿ ಉಳಿದದ್ದು ಜೇಡಿಮಣ್ಣು ಇಲ್ಲಿಯದೇ, ಕಲಿತ ಕೈಗಳೂ ಇಲ್ಲಿಯವೇ ಆದ್ದರಿಂದ ಎಂದು ಅಪ್ಪ ಹೇಳುತ್ತಾರೆ. ನಾವು ಬಿಟ್ಟುಬಂದ ನೀರಿನ ಕೊಳವೆ ಈಗಲೂ ಆ ಮೇಸ್ತ್ರಿಯ ಬಳಿ ಇದೆ. ಹೋದ ವರ್ಷ ಅವನ ಮಗ ಫೋನಿನಲ್ಲಿ ಅದರ ಚಿತ್ರ ಕಳಿಸಿದ್ದ. ನೀವು ಹೋಗಿ, ಪ್ರಾರ್ಥನೆಯ ಹೊತ್ತಿಗೆ ಮೇಸ್ತ್ರಿಯ ಪಕ್ಕ ಕೂತುಕೊಳ್ಳಿ.

ಪ್ರಶ್ನೆ: ಭಾರತೀಯರಿಗೆ ನೇಪಾಳಕ್ಕೆ ಯಾವ ಕಾಗದಪತ್ರ ಬೇಕು? ಯಾವ ತಿಂಗಳು ಒಳ್ಳೆಯದು?
– ಓದುಗರು, ಸುಳ್ಯ

ಉತ್ತರ: ವೀಸಾ ಬೇಡ. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ. ಆಧಾರ್ ನಡೆಯುವುದು 15 ದಾಟದ ಮಕ್ಕಳಿಗೆ, 65 ದಾಟಿದ ಹಿರಿಯರಿಗೆ ಮಾತ್ರ. ನಾವು ಯಶವಂತಪುರದಿಂದ ಗೋರಖಪುರಕ್ಕೆ ರೈಲಿನಲ್ಲಿ ಹೋಗಿ, ಸೋನೌಲಿ ಗಡಿ ದಾಟಿ, ಬಸ್ಸು ಹಿಡಿದೆವು. ಅಪ್ಪನ ಉಳಿ, ಕೀಸುಳಿ, ಮೂಲೆಮಟ್ಟ ಎಲ್ಲ ಒಂದು ಗೋಣಿಯಲ್ಲಿ ಕಾಲ ಬಳಿಯೇ ಇತ್ತು. ವಿಮಾನವಾದರೆ ಅವನ್ನೆಲ್ಲ ಕೈಚೀಲದಲ್ಲಿ ಇಡಬೇಡಿ, ಚೆಕ್ ಇನ್ ಸಾಮಾನಿಗೆ ಹಾಕಿ. ಪೃಥ್ವಿ ಹೆದ್ದಾರಿಯಲ್ಲಿ ತ್ರಿಶೂಲಿ ನದಿಯ ಬದಿಗೆ ಮಲೇಖು ಎಂಬ ಊರು ಬರುತ್ತದೆ, ಕರಿದ ಮೀನಿಗೆ ಹೆಸರಾದದ್ದು. ಕರಾವಳಿಯವರು ಅಲ್ಲಿ ಇಳಿಯದೆ ಹೋಗಬೇಡಿ.

ನಮ್ಮ 100 ರೂಪಾಯಿ ಅಲ್ಲಿನ 160. ಹಣ ನೂರರ ನೋಟಿನಲ್ಲಿ ಇಟ್ಟುಕೊಳ್ಳಿ. ದೊಡ್ಡ ನೋಟಿನ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ವಾರ ಬ್ಯಾಂಕಿನಲ್ಲಿ ಕೇಳಿ. ನಾವು ಆ ಗುಡ್ಡದ ಮೇಲಿದ್ದಾಗಲೇ, 2016ರ ನವೆಂಬರ್ 8ರ ರಾತ್ರಿ, ನಮ್ಮ ಬಳಿಯಿದ್ದ ಐನೂರರ ನೋಟುಗಳೆಲ್ಲ ರದ್ದಾದವು. ಹಾಸ್ಟೆಲಿನ ಅಡುಗೆಯ ಅಕ್ಕ ಅಪ್ಪನ ಕೈಗೆ ನಾಲ್ಕು ಸಾವಿರ ನೇಪಾಳಿ ರೂಪಾಯಿ ಇಟ್ಟು, "ಊರಿಗೆ ಹೋಗಿ ಕಳಿಸಿ" ಎಂದಳು. ಎಂದಿನಂತೆ ಬೇಳೆ ಅನ್ನ ಬಡಿಸಿದಳು.

ಜೂನ್‌ನಿಂದ ಸೆಪ್ಟೆಂಬರ್ ಮಳೆ, ರಸ್ತೆ ಕುಸಿಯುತ್ತದೆ. ಅದರ ಹಿಂದೆಯೇ ದಸಾಯಿ, ತಿಹಾರ್ ಹಬ್ಬ, ಮೇಸ್ತ್ರಿಗಳು ಕೆಲಸಕ್ಕೆ ಬರುವುದಿಲ್ಲ. ಹಬ್ಬ ಮುಗಿದ ಮೇಲೆ, ನವೆಂಬರಿನಲ್ಲಿ ಹೊರಡಿ. ಹಗಲು ಬಿಸಿಲು ಹಿತವಾಗಿರುತ್ತದೆ, ಸಂಜೆ ಐದೂವರೆಗೆ ಕತ್ತಲು. ಹಿರಿಯರು ಜೊತೆಗಿದ್ದರೆ ಕಿವಿ ಮುಚ್ಚುವ ಟೊಪ್ಪಿ, ದಪ್ಪ ಕಾಲುಚೀಲ ಎರಡು ಜೊತೆ, ಮತ್ತು ಒಡೆದ ಕೈಗೆ ಹಚ್ಚಲು ಒಂದು ಬಾಟಲಿ ತೆಂಗಿನೆಣ್ಣೆ. ಅಲ್ಲಿಯ ಚಳಿಗೆ ಅದು ಗಟ್ಟಿಯಾಗುತ್ತದೆ, ಅಗಲ ಬಾಯಿಯ ಬಾಟಲಿಯಲ್ಲಿ ಒಯ್ಯಿರಿ.