ಮಗ ಎತ್ತರ ಕಡಿಮೆ, ಐಸ್ ಹಾಕಿಯಲ್ಲಿ ಡಿಫೆನ್ಸ್ ಬಿಟ್ಟು ಫಾರ್ವರ್ಡ್ ಆಗಬೇಕಾ?

ಸರ್, ಮಗನಿಗೆ 15 ವರ್ಷ, ಎತ್ತರ 5 ಅಡಿ 6 ಇಂಚು, ತೂಕ 135 ಪೌಂಡ್. ಕೆನಡಾದ ಮಿಸ್ಸಿಸಾಗಾದಲ್ಲಿ ಡಿಫೆನ್ಸ್ ಆಡ್ತಾನೆ. ಕೋಚ್ ‘ಫಾರ್ವರ್ಡ್ ಆಗು, ಇಲ್ಲಾಂದ್ರೆ ಬೇಸಿಗೆಯೊಳಗೆ 20 ಪೌಂಡ್ ಏರಿಸು’ ಅಂತಿದ್ದಾರೆ, ಯಾವುದು ಸರಿ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಎರಡೂ ಸರಿಯಲ್ಲ. ನಾನೂ ಗಿಡ್ಡ ಡಿಫೆನ್ಸ್‌ಮನ್ ಆಗಿಯೇ ಆಡಿದವನು, ಈ ಮಾತು ನನಗೆ ಬಾಯಿಪಾಠ ಆಗಿದೆ. ನನ್ನ ಪುರಾಣ ಯಾರಿಗೂ ಬೇಡ. ಜಾರೆಡ್ ಸ್ಪರ್ಜನ್ ಕತೆ ಕೇಳಿ, ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಅದರಲ್ಲೇ ಇದೆ.

ಎಡ್ಮಂಟನ್ ಹುಡುಗ. 5 ಅಡಿ 9 ಇಂಚು, 166 ಪೌಂಡ್. 2008ರಲ್ಲಿ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ಹಾಕಿ ಲೀಗ್) ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಅವನನ್ನು ಆರನೇ ಸುತ್ತಿನಲ್ಲಿ, 156ನೆಯವನಾಗಿ ಆರಿಸಿತು, ಆಮೇಲೆ ಕಾಂಟ್ರ್ಯಾಕ್ಟ್ ಕೊಡದೆ ಬಿಟ್ಟುಬಿಟ್ಟಿತು. 2010ರಲ್ಲಿ ಮಿನೆಸೋಟ ವೈಲ್ಡ್ ಕ್ಯಾಂಪ್‌ಗೆ ಬರೀ ಟ್ರೈಔಟ್ ಮೇಲೆ ಹೋದ. ಆ ಸೀಸನ್ನಿನಲ್ಲೇ ಎನ್‌ಎಚ್‌ಎಲ್ ಆಡಿದ. 2019ರಲ್ಲಿ ಅದೇ ತಂಡದ ಜತೆ ಏಳು ವರ್ಷಕ್ಕೆ 5 ಕೋಟಿ 30 ಲಕ್ಷ ಡಾಲರಿನ ಒಪ್ಪಂದ, 2021ರಲ್ಲಿ ನಾಯಕತ್ವ. ಪವರ್‌ಪ್ಲೇಯಲ್ಲಿ (ಪೆನಾಲ್ಟಿಯಿಂದ ಎದುರಾಳಿ ಒಬ್ಬ ಕಡಿಮೆ ಇರುವ ಹೊತ್ತು) ಪಾಯಿಂಟ್ (ಗೋಲು, ಅಸಿಸ್ಟ್ ಸೇರಿದ ಲೆಕ್ಕ) ಬಾಚಿ ಬಂದವನಲ್ಲ ಈತ. ಎದುರಾಳಿಯ ಮೊದಲ ಲೈನ್ (ಅವರ ಅತ್ಯುತ್ತಮ ಮೂವರು ಫಾರ್ವರ್ಡ್‌ಗಳು) ವಿರುದ್ಧ ಇಳಿಸ್ತಾರೆ, ತನ್ನ ತಂಡದಲ್ಲಿ ಒಬ್ಬ ಕಡಿಮೆ ಇರುವಾಗಲೂ ಇಳಿಸ್ತಾರೆ, ಅಂದರೆ ದೊಡ್ಡ ಮೈಯವರಿಗೇ ಅಂತ ಎಲ್ಲರೂ ಮೀಸಲಿಟ್ಟ ಕೆಲಸ. ಅದನ್ನು ಪೆನಾಲ್ಟಿ ತೆಗೆದುಕೊಳ್ಳದೆ ಮಾಡ್ತಾನೆ. ಸಭ್ಯ ಆಟಕ್ಕೆ ಕೊಡುವ ಲೇಡಿ ಬಿಂಗ್ ಟ್ರೋಫಿಯ ಕೊನೆಯ ಮೂವರಲ್ಲಿ 2021ರಲ್ಲೂ 2022ರಲ್ಲೂ ಇದ್ದ. ಡಿಫೆನ್ಸ್‌ಮನ್ ಸ್ಟಿಕ್ಕಿನಿಂದ ಹುಕ್ ಮಾಡೋದು, ಹಿಡಿದು ಎಳೆಯೋದು ಬಹುಪಾಲು ತಡವಾಗಿ ತಲುಪಿದಾಗ. ಸ್ಪರ್ಜನ್ ತಡವಾಗಿ ತಲುಪೋದಿಲ್ಲ, ಅವನ ಗುಟ್ಟು ಅಷ್ಟೇ.

ಈಗ ನಿಮ್ಮ ಕೋಚ್ ಹೇಳುವ 20 ಪೌಂಡ್ ಲೆಕ್ಕ ನೋಡಿ. ಹುಡುಗ 155 ಆಗ್ತಾನೆ. ಮೇಲಿನ ಹಂತದಲ್ಲಿ ಗೋಲಿನ ಮುಂದೆ ನಿಲ್ಲುವ ಫಾರ್ವರ್ಡ್ 210 ಇರ್ತಾನೆ. ತಳ್ಳಾಟದಲ್ಲಿ 135 ಸೋತ ಹಾಗೇ 155ಕ್ಕೂ ಸೋಲು ಗ್ಯಾರಂಟಿ. ಮೂರು ತಿಂಗಳಲ್ಲಿ ಬಲವಂತವಾಗಿ ಏರಿಸಿದ ತೂಕಕ್ಕೆ ಮೊದಲ ಮೂರು ಸ್ಟ್ರೈಡ್ (ಸ್ಕೇಟಿಂಗ್ ಹೆಜ್ಜೆ) ನಿಧಾನವಾಗುವುದು ಬೇರೆ ನಷ್ಟ. ಗಿಡ್ಡ ಆಟಗಾರನಿಗೆ ಇರುವ ಒಂದೇ ಆಸ್ತಿ ಆ ಮೂರು ಸ್ಟ್ರೈಡ್.

ಹಾಗಾದರೆ ಎಲ್ಲಿ ಎಡವುತ್ತಾರೆ? ಒಂದೇ ಕಡೆ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ, ಹುಡುಗರ ಭವಿಷ್ಯ ಹಾಳಾಗೋದು ಇದರಿಂದಲೇ: ಗ್ಯಾಪ್ ಬಿಟ್ಟುಕೊಡುವುದು. ಪಕ್ (ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ಹಿಡಿದು ಬರುವವನಿಗೂ ಹಿಂದಕ್ಕೆ ಸ್ಕೇಟ್ ಮಾಡ್ತಾ ಇರುವ ಡಿಫೆನ್ಸ್‌ಮನ್‌ಗೂ ನಡುವಿನ ಅಂತರವೇ ಗ್ಯಾಪ್. ಗಿಡ್ಡ ಹುಡುಗನಿಗೆ ಒಂದು ಭಯ ಇರುತ್ತೆ, ‘ಹತ್ತಿರ ಹೋದರೆ ಪಕ್ಕದಿಂದ ದಾಟಿಬಿಡ್ತಾನೆ, ಇಲ್ಲಾ ಗುದ್ದಿಕೊಂಡು ಹೋಗ್ತಾನೆ’ ಅಂತ. ಅದಕ್ಕೇ ಹಿಂದೆ ಸರೀತಾನೆ. ಸೆಂಟರ್ ಲೈನ್ ಹತ್ತಿರ ಮೂರು ಸ್ಟಿಕ್ ಉದ್ದದ ಅಂತರ ಇದ್ದದ್ದು ಬ್ಲೂ ಲೈನ್ (ನಮ್ಮ ವಲಯ ಶುರುವಾಗುವ ಗೆರೆ) ಹೊತ್ತಿಗೆ ನಾಲ್ಕಾಗುತ್ತೆ. ಎದುರಾಳಿ ಆರಾಮಾಗಿ ಪಕ್ ಇಟ್ಟುಕೊಂಡೇ ಒಳಗೆ ಬರ್ತಾನೆ. ಹೀಗೆ ಪಕ್ ಹಿಡಿದು ಒಳಬಂದರೆ, ಆಚೆಯಿಂದ ಪಕ್ ಎಸೆದು ಬೆನ್ನಟ್ಟಿ ಬಂದದ್ದಕ್ಕಿಂತ ಸುಮಾರು ಎರಡು ಪಟ್ಟು ಶಾಟ್ ಹುಟ್ಟುತ್ತೆ ಅಂತ ಎರಿಕ್ ಟಲ್ಸ್ಕಿ ವರ್ಷಗಳ ಹಿಂದೆಯೇ ಎಣಿಸಿ ತೋರಿಸಿದ್ದಾರೆ. ಅವರು ಈಗ ಕ್ಯಾರೊಲಿನಾ ಹರಿಕೇನ್ಸ್ ಜನರಲ್ ಮ್ಯಾನೇಜರ್.

ಮುಂದೆ ಆಗೋದು ನಿಮಗೇ ಗೊತ್ತು. ಒಳಗೆ ಬಂದವನು ಮೂಲೆಗೆ ಪಕ್ ತಳ್ತಾನೆ, ಬೋರ್ಡ್ಸ್ (ಐಸ್ ಸುತ್ತಲಿನ ಗೋಡೆ) ಹತ್ತಿರ ಒದ್ದಾಟ ಶುರು, ಅಲ್ಲಿಂದ ಗೋಲಿನ ಮುಂದೆ ನೂಕಾಟ. ಎರಡೂ ಕಡೆ ತೂಕದ್ದೇ ರಾಜ್ಯ. ನಿಮ್ಮ ಮಗ ಅಲ್ಲಿ ಬೀಳ್ತಾನೆ, ಗೋಲು ಆಗುತ್ತೆ, ಬೆಂಚಿನಲ್ಲಿ ಕೂತವರಿಗೆ ಕಾಣೋದು ‘ಹುಡುಗ ಸಣ್ಣವನು’ ಅನ್ನೋದೊಂದೇ. ಆದರೆ ತಪ್ಪು ಆಗಿದ್ದು ಬ್ಲೂ ಲೈನಿನಲ್ಲಿ, ಗೋಲ್ ಲೈನಿನಿಂದ 64 ಅಡಿ ದೂರದಲ್ಲಿ, ಹತ್ತು ಹದಿನೈದು ಸೆಕೆಂಡ್ ಮುಂಚೆ. ಆರು ಅಡಿ ಮೂರು ಇಂಚಿನವನು ಇದೇ ತಪ್ಪು ಮಾಡಿದರೆ ಕೈಚಾಚಿ, ಮೈಭಾರ ಹಾಕಿ ಹೇಗೋ ಮುಚ್ಚಿಕೊಳ್ತಾನೆ. ಗಿಡ್ಡನಿಗೆ ಆ ಅವಕಾಶ ಇಲ್ಲ. ಆದ್ದರಿಂದ ಗ್ಯಾಪ್ ವಿಷಯದಲ್ಲಿ ಅವನು ದೊಡ್ಡವನಿಗಿಂತ ಧೈರ್ಯವಾಗಿ ಆಡಬೇಕು, ನಮ್ಮ ಹುಡುಗರು ಆಡೋದು ಸರಿಯಾಗಿ ಅದರ ಉಲ್ಟಾ.

ಸರಿಯಾದ ಅಂತರ: ಸೆಂಟರ್ ಲೈನಿನಲ್ಲಿ ಒಂದೂವರೆಯಿಂದ ಎರಡು ಸ್ಟಿಕ್, ಬ್ಲೂ ಲೈನ್ ಬರುವಷ್ಟರಲ್ಲಿ ಒಂದು ಸ್ಟಿಕ್. ಬರೀ ಅಂತರ ಹೇಳಿಕೊಟ್ಟರೆ ಕೆಲಸ ಕೆಡುತ್ತೆ, ವೇಗವೂ ಹೊಂದಬೇಕು. ಹುಡುಗರು ಬ್ಲೂ ಲೈನಿನಲ್ಲಿ ನಿಂತು ಕಾಯ್ತಾರೆ. ಬರುವವನು ಪೂರ್ತಿ ವೇಗದಲ್ಲಿ, ಇವನು ನಿಂತ ಕಾಲಲ್ಲಿ, ಸೀದಾ ಪಕ್ಕದಿಂದ ದಾಟಿ ಹೋಗ್ತಾನೆ. ಕೋಚ್ ‘ಹಿಂದೆ ಸರಿ’ ಅಂತ ಕೂಗ್ತಾರೆ, ಹುಡುಗ ಮುಂದಿನ ಸಲ ಇನ್ನೂ ಹಿಂದೆ ಹೋಗ್ತಾನೆ, ರೋಗಕ್ಕಿಂತ ಮದ್ದೇ ಕೆಟ್ಟದ್ದು. ಗ್ಯಾಪ್ ಕಟ್ಟುವ ಕೆಲಸ ಶುರುವಾಗಬೇಕಾದ್ದು ಎದುರಾಳಿಯ ವಲಯದಲ್ಲೇ. ಪಕ್ ಅವರ ಕೈಗೆ ಹೋಯ್ತು ಅಂದ ತಕ್ಷಣ ಹಿಂದಕ್ಕೆ ಓಡಬಾರದು. ಬರುವವನ ಕಡೆಗೇ ಎರಡು ಮೂರು ಸ್ಟ್ರೈಡ್ ಮುಂದಕ್ಕೆ ಹಾಕಿ, ಅಂತರ ಚಿಕ್ಕದು ಮಾಡಿಕೊಂಡು, ಆಮೇಲೆ ತಿರುಗಿ ಅವನ ವೇಗಕ್ಕೆ ಸಮನಾಗಿ ಹಿಂದೆ ಹೋಗಬೇಕು.

ಸ್ಟಿಕ್ ಒಂದೇ ಕೈಯಲ್ಲಿ, ಬ್ಲೇಡ್ ಐಸ್ ಮೇಲೆ, ಮೊಣಕೈ ಮಡಚಿ ಸೊಂಟದ ಹತ್ತಿರ. ಮೊದಲೇ ಕೈ ಪೂರ್ತಿ ಚಾಚಿಬಿಟ್ಟರೆ ನಿಮ್ಮ ಅಳತೆ ಎಷ್ಟು ಅಂತ ಎದುರಾಳಿಗೆ ತಿಳಿದುಹೋಗುತ್ತೆ, ಅದರಾಚೆಯಿಂದ ಸುತ್ತಿ ಹೋಗ್ತಾನೆ. ಕಣ್ಣು ಅವನ ಎದೆ ಮೇಲಿನ ಲೋಗೋ ಮೇಲಿರಲಿ, ಪಕ್ ನೋಡಿದರೆ ಮೋಸ ಹೋಗೋದು ಖಂಡಿತ. ಫೇಸ್‌ಆಫ್ ಚುಕ್ಕೆಗಳನ್ನು ಸೇರಿಸಿ ಉದ್ದಕ್ಕೆ ಒಂದು ಗೆರೆ ಊಹಿಸಿಕೊಂಡು ತಾನು ಅದರ ಒಳಬದಿಯಲ್ಲೇ ಇರಬೇಕು, ಹೊರಗಿನ ದಾರಿ ಅವನಿಗೆ ಬಿಡಬೇಕು. ಅವನು ಪಕ್ಕನ್ನು ಒಂದು ಮಗ್ಗುಲಿಂದ ಇನ್ನೊಂದಕ್ಕೆ ದಾಟಿಸುವ ಕ್ಷಣದಲ್ಲಿ ಸ್ಟಿಕ್ಕಿನಿಂದ ಪಕ್ಕನ್ನು ಚುಚ್ಚಬೇಕು. ಮೈ ತಾಗಿಸೋದು ಕೊನೆಗೆ, ಅದೂ ಅವನ ಕೈಗಳನ್ನು ಬೋರ್ಡ್ಸ್‌ಗೆ ಒತ್ತಿ ಕಟ್ಟಿಹಾಕುವಷ್ಟೇ. ಕಬಡ್ಡಿಯಲ್ಲಿ ಸಣಕಲ ಕಾರ್ನರ್ ದೊಡ್ಡ ರೈಡರ್‌ನ ಕಾಲಿನ ಮೇಲೆ ಭಾರ ಬೀಳುವ ಗಳಿಗೆ ಕಾದು ಕಣಕಾಲು ಹಿಡಿಯೋದಿಲ್ಲವೇ, ಲೆಕ್ಕ ಇಲ್ಲೂ ಅದೇ.

ಅಭ್ಯಾಸಕ್ಕೆ ಒಂದು ಡ್ರಿಲ್. ಒಬ್ಬರಿಗೊಬ್ಬರು ಆಡಿಸಿ, ಆದರೆ ಸೋಲು-ಗೆಲುವು ಗೋಲಿನಿಂದ ನಿರ್ಧರಿಸಬೇಡಿ. ಫಾರ್ವರ್ಡ್ ಪಕ್ ಹಿಡಿತದಲ್ಲಿಟ್ಟುಕೊಂಡು ಬ್ಲೂ ಲೈನ್ ದಾಟಿದರೆ ಡಿಫೆನ್ಸ್ ಸೋತ ಹಾಗೆ, ಅಲ್ಲಿಗೇ ನಿಲ್ಲಿಸಿ ಮತ್ತೆ ಶುರು ಮಾಡಿ. ಒಂದಷ್ಟು ಸುತ್ತು ಡಿಫೆನ್ಸ್‌ಮನ್ ಸ್ಟಿಕ್ಕನ್ನು ತಲೆಕೆಳಗಾಗಿ, ಬ್ಲೇಡ್ ಕೈಯಲ್ಲಿ ಹಿಡಿದು ಆಡಲಿ. ಚುಚ್ಚುವ ಆಸೆ ಹೋಗಿ ಕಾಲು ಕೆಲಸ ಮಾಡೋಕೆ ಶುರುವಾಗುತ್ತೆ. ಒಂದು ಎಚ್ಚರಿಕೆ: ಹಿಂದಿನಿಂದ ನಿಮ್ಮ ಫಾರ್ವರ್ಡ್‌ಗಳು ಓಡಿಬಂದು ಒತ್ತಡ ಹಾಕದಿದ್ದರೆ ಯಾವ ಡಿಫೆನ್ಸ್‌ಮನ್‌ಗೂ ಬ್ಲೂ ಲೈನ್ ಕಾಯೋಕೆ ಆಗಲ್ಲ. ಅದು ಕೋಚ್ ಸಿಸ್ಟಮ್ಮಿನ ಸಮಸ್ಯೆ, ಮಗನ ಎತ್ತರದ್ದಲ್ಲ. ಈ ಮಾತನ್ನು ಕೋಚ್ ಹತ್ತಿರ ಸಾವಧಾನವಾಗಿ ಎತ್ತಿ.

ಗ್ಯಾಪ್ ಆದಮೇಲೆ ಕಲಿಯಬೇಕಾದ ಎರಡನೇ ಕೆಲಸ, ಮೂಲೆಗೆ ಬಿದ್ದ ಪಕ್ ತರೋದು. 2005-06ರಿಂದ ಎನ್‌ಎಚ್‌ಎಲ್‌ನಲ್ಲಿ ಹಿಡಿಯೋದು, ಅಡ್ಡಗಟ್ಟೋದಕ್ಕೆ ಕಟ್ಟುನಿಟ್ಟಾಗಿ ಪೆನಾಲ್ಟಿ ಕೊಡೋಕೆ ಶುರು ಮಾಡಿದರು, ಎರಡು ಲೈನ್ ದಾಟುವ ಉದ್ದ ಪಾಸ್‌ಗೂ ಅನುಮತಿ ಸಿಕ್ಕಿತು. ಗಿಡ್ಡ ಡಿಫೆನ್ಸ್‌ಮನ್‌ಗೆ ಬಾಗಿಲು ತೆರೆದದ್ದು ಅದೇ. ಆದರೆ ಅದರಿಂದ ಫೋರ್‌ಚೆಕರ್ (ಪಕ್ ಕಸಿಯೋಕೆ ಬೆನ್ನಟ್ಟುವ ಎದುರಾಳಿ) ಕೂಡ ಅಡೆತಡೆ ಇಲ್ಲದೆ ಪೂರ್ತಿ ವೇಗದಲ್ಲಿ ಬೆನ್ನ ಮೇಲೆ ಬರ್ತಾನೆ. ಪಕ್ ಮುಟ್ಟುವ ಮೊದಲು ಭುಜದ ಮೇಲಿಂದ ಕನಿಷ್ಠ ಎರಡು ಸಲ ಹಿಂದೆ ನೋಡಬೇಕು: ಮೊದಲ ಸಲ ಎಷ್ಟು ಜನ ಬರ್ತಿದ್ದಾರೆ ಅಂತ, ಎರಡನೇ ಸಲ ಯಾವ ಭುಜದ ಕಡೆಯಿಂದ ಅಂತ. ಪಕ್ ಕಡೆ ನೇರ ಗೆರೆಯಲ್ಲಿ ಹೋಗದೆ ಸ್ವಲ್ಪ ಬಾಗಿ ಹೋಗಬೇಕು, ಒಂದು ಕಡೆ ಹೋಗುವಂತೆ ಭುಜ ಅಲ್ಲಾಡಿಸಿ ಇನ್ನೊಂದು ಕಡೆ ತಿರುಗಬೇಕು. ಬೋರ್ಡ್ಸ್‌ನಿಂದ ಮೂರು ನಾಲ್ಕು ಅಡಿ ದೂರದಲ್ಲಿ ಮಾತ್ರ ನಿಲ್ಲಲೇಬಾರದು. ಆ ಅಂತರದಲ್ಲಿ ಹಿಂದಿನಿಂದ ತಳ್ಳಿಸಿಕೊಂಡರೆ ತಲೆ ಮುಂದಾಗಿ ಹೋಗಿ ಬಡಿಯುತ್ತೆ. ಒಂದೋ ಬೋರ್ಡ್ಸ್‌ಗೆ ಮೈ ಅಂಟಿಸಿ ಪಕ್ಕಕ್ಕೆ ತಿರುಗಿ ನಿಲ್ಲಬೇಕು, ಇಲ್ಲಾ ಪೂರ್ತಿ ಆಚೆ ಇರಬೇಕು. ಅಪಾಯ ಇಲ್ಲ ಅಂತ ಸುಳ್ಳು ಹೇಳಲ್ಲ. ಆಗ ಕೊಲರಾಡೊ ತಂಡದಲ್ಲಿದ್ದ ಸ್ಯಾಮುಯೆಲ್ ಜಿರಾರ್ಡ್, 5 ಅಡಿ 10 ಇಂಚು, 2022ರ ಪ್ಲೇಆಫ್‌ನಲ್ಲಿ ಒಂದು ಹೊಡೆತಕ್ಕೆ ಎದೆಮೂಳೆ ಮುರಿದುಕೊಂಡು ಹೊರಗೆ ಕೂತ.

ಗೋಲಿನ ಮುಂದೆ? ತಳ್ಳಬೇಡ ಅನ್ನಿ. ಶಾಟ್ ಬರುವ ಮುಂಚೆಯೇ ಫಾರ್ವರ್ಡ್‌ಗೂ ಗೋಲಿಗೂ ನಡುವೆ ಜಾಗ ಹಿಡಿದು, ಮೊಣಕಾಲು ಬಗ್ಗಿಸಿ, ಶಾಟ್ ಹೊರಟ ಕ್ಷಣ ಅವನ ಸ್ಟಿಕ್ಕನ್ನು ಕೆಳಗಿನಿಂದ ಎತ್ತಿಬಿಡಬೇಕು. 220 ಪೌಂಡಿನವನಿಗೂ ಸ್ಟಿಕ್ ಗಾಳಿಯಲ್ಲಿದ್ದರೆ ಗೋಲು ಹೊಡೆಯೋಕೆ ಆಗಲ್ಲ.

ಇನ್ನು ಎಲ್ಲರೂ ಮಕ್ಕಳಿಗೆ ತೋರಿಸುವ ಕ್ವಿನ್ ಹ್ಯೂಸ್, ಲೇನ್ ಹಟ್ಸನ್ ವಿಷಯ. ಹ್ಯೂಸ್ 5 ಅಡಿ 10 ಇಂಚು, 2023-24ರಲ್ಲಿ 92 ಪಾಯಿಂಟ್, ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ. ಹಟ್ಸನ್ 5 ಅಡಿ 9 ಇಂಚು. ಮೂಳೆ ಇನ್ನೂ ಬೆಳೆಯುತ್ತೆ ಅಂತ ವೈದ್ಯರ ಪತ್ರವನ್ನೇ ತಂಡಗಳಿಗೆ ಕೊಟ್ಟಿದ್ದ, ಆದರೂ 2022ರಲ್ಲಿ 62ನೆಯವನಾಗಿ ಆಯ್ಕೆಯಾದ. 2024-25ರಲ್ಲಿ 60 ಅಸಿಸ್ಟ್ (ಗೋಲಿಗೆ ನೆರವಾದ ಪಾಸ್) ಮಾಡಿ, ಮೊದಲ ವರ್ಷದ ಡಿಫೆನ್ಸ್‌ಮನ್‌ಗಳಲ್ಲಿ ಲ್ಯಾರಿ ಮರ್ಫಿ ದಾಖಲೆ ಸರಿಗಟ್ಟಿ, ಅತ್ಯುತ್ತಮ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿ ಗೆದ್ದ. ನೋಡೋಕೆ ಚೆನ್ನ, ನಕಲು ಮಾಡೋಕೆ ಕಷ್ಟ. ಇವರ ಬೆಲೆ ಬಹುಪಾಲು ಪವರ್‌ಪ್ಲೇಯಲ್ಲಿ ಬ್ಲೂ ಲೈನ್ ಮೇಲೆ ನಿಂತು ಆಡಿಸುವ ಕೆಲಸದ್ದು, ಒಂದು ತಂಡದ ಮೊದಲ ಯೂನಿಟ್‌ನಲ್ಲಿ ಆ ಕುರ್ಚಿ ಸಾಮಾನ್ಯವಾಗಿ ಒಂದೇ. ಅದು ಸಿಗದ ಗಿಡ್ಡ ಡಿಫೆನ್ಸ್‌ಮನ್ ಡಿಫೆನ್ಸ್ ಮಾಡೋಕೆ ಕಲಿತಿರದಿದ್ದರೆ ಮನೆಗೆ ಬರಬೇಕಾಗುತ್ತೆ. ಮಗನಿಗೆ ಹಟ್ಸನ್ ವಿಡಿಯೊ ತೋರಿಸಿ, ಬೇಡ ಅನ್ನಲ್ಲ. ಆದರೆ ಆಡಂ ಫಾಕ್ಸ್‌ನ ವಿಡಿಯೊ ಹೆಚ್ಚು ತೋರಿಸಿ. ಅಷ್ಟೇನೂ ವೇಗಿಯಲ್ಲ, 2021ರ ನಾರಿಸ್ ಗೆದ್ದವನು, ಪಕ್ ಬರುವ ಮುಂಚೆಯೇ ಮುಂದಿನ ಪಾಸ್ ಎಲ್ಲಿ ಅಂತ ನೋಡಿಕೊಂಡಿರ್ತಾನೆ.

ನಿಮ್ಮ ಕೋಚ್ ಪರವಾಗಿಯೂ ಒಂದು ಸತ್ಯ ಇದೆ. 2023ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದ ವೇಗಸ್ ತಂಡದ ಆರು ಮುಖ್ಯ ಡಿಫೆನ್ಸ್‌ಮನ್‌ಗಳಲ್ಲಿ ಒಬ್ಬನೂ 6 ಅಡಿ 1 ಇಂಚಿಗಿಂತ ಕಡಿಮೆ ಇರಲಿಲ್ಲ. ಅದನ್ನು ನೋಡಿ ಎಷ್ಟೋ ತಂಡಗಳಿಗೆ ಮತ್ತೆ ದೊಡ್ಡ ಮೈಯ ಮೋಹ ಹತ್ತಿದೆ. ಹಾಗಂತ ಫಾರ್ವರ್ಡ್ ಆಗೋದು ಪರಿಹಾರ ಅಲ್ಲ. ಅಲ್ಲಿ 5 ಅಡಿ 8 ಇಂಚಿನ ಹುಡುಗರ ಸಾಲು ಇನ್ನೂ ಉದ್ದ, ಅವರೆಲ್ಲ ಎಂಟನೇ ವಯಸ್ಸಿನಿಂದ ಗೋಲು ಹೊಡೆದೇ ಬೆಳೆದವರು.

ದಾರಿ ಕೇಳಿದರೆ ಅಮೆರಿಕದ ಕಾಲೇಜು ಹಾಕಿ ಅಂತೀನಿ. ಹ್ಯೂಸ್ ಮಿಶಿಗನ್, ಫಾಕ್ಸ್ ಹಾರ್ವರ್ಡ್, ಹಟ್ಸನ್ ಬಾಸ್ಟನ್ ಯೂನಿವರ್ಸಿಟಿ. ಡ್ರಾಫ್ಟೇ ಆಗದೆ ಬಾಸ್ಟನ್ ಬ್ರೂಯಿನ್ಸ್ ಸೇರಿದ 5 ಅಡಿ 9 ಇಂಚಿನ ಟೋರಿ ಕ್ರುಗ್ ಮಿಶಿಗನ್ ಸ್ಟೇಟ್. ಕಾಲೇಜಿನಲ್ಲಿ ವರ್ಷಕ್ಕೆ 40ರ ಆಸುಪಾಸು ಪಂದ್ಯ, ಓಎಚ್‌ಎಲ್‌ನಲ್ಲಿ (ಒಂಟಾರಿಯೊದ ಜೂನಿಯರ್ ಲೀಗ್) 68. ಉಳಿದ ದಿನ ಜಿಮ್‌ಗೆ ಸಿಗುತ್ತೆ, ಮೈ ತನ್ನ ಪಾಡಿಗೆ ತಾನು ತುಂಬಿಕೊಳ್ಳುತ್ತೆ. 2025ರ ಆಗಸ್ಟ್‌ನಿಂದ ಓಎಚ್‌ಎಲ್ ಆಡಿದವರಿಗೂ ಕಾಲೇಜು ಬಾಗಿಲು ತೆರೆದಿರೋದರಿಂದ ಈಗಲೇ ಒಂದನ್ನು ಆರಿಸಿ ಇನ್ನೊಂದನ್ನು ಕಳೆದುಕೊಳ್ಳುವ ಗಾಬರಿ ಬೇಡ.

ಕೊನೆಗೆ ಸಾಮಾನು. ಗಿಡ್ಡ ಡಿಫೆನ್ಸ್‌ಮನ್‌ಗೆ ಅಂಗಡಿಯವರು ಮೊದಲು ಮಾಡುವ ಎಡವಟ್ಟು ಸ್ಟಿಕ್. ಫ್ಲೆಕ್ಸ್ (ಸ್ಟಿಕ್ ಎಷ್ಟು ಗಟ್ಟಿ ಅನ್ನುವ ಸಂಖ್ಯೆ) ಮಗನ ತೂಕದ ಅರ್ಧ ಇರಲಿ, ಅಂದರೆ 135 ಪೌಂಡಿಗೆ 65ರ ಸುಮಾರು, ಇಂಟರ್‌ಮೀಡಿಯೆಟ್ ಅಳತೆ. ಸೀನಿಯರ್ 85 ಫ್ಲೆಕ್ಸ್ ಕೊಂಡು ಉದ್ದ ಕತ್ತರಿಸಿದರೆ ಅದು ಇನ್ನೂ ಗಟ್ಟಿಯಾಗುತ್ತೆ, ಬ್ಲೂ ಲೈನಿನಿಂದ ಹೊಡೆದ ಶಾಟ್‌ಗೆ ಜೀವವೇ ಇರಲ್ಲ. ಉದ್ದ, ಸ್ಕೇಟ್ ಹಾಕಿ ನಿಂತಾಗ ಗಲ್ಲದಿಂದ ಮೂಗಿನ ನಡುವೆ. ಫಾರ್ವರ್ಡ್‌ಗಿಂತ ಒಂದೆರಡು ಇಂಚು ಜಾಸ್ತಿ ಇದ್ದರೆ ಕೈಗೆಟುಕುವ ದೂರ ಹೆಚ್ಚುತ್ತೆ. ಸ್ಕೇಟ್ ಸಾಣೆಗೆ ಅರ್ಧ ಇಂಚಿನ ಹಾಲೋ (ಬ್ಲೇಡಿನ ತಳದಲ್ಲಿ ಕೊರೆಯುವ ಬಾಗು) ಕೇಳಿ. ಹಗುರ ಮೈಯವನಿಗೆ ಐಸ್‌ನಲ್ಲಿ ಅಂಚು ಕಚ್ಚೋಕೆ ಅದು ಬೇಕು, ಭಾರದವರು ಬಳಸುವ ಐದು ಎಂಟನೇ ಇಂಚಿನಲ್ಲಿ ಇವನು ತಿರುವಿನಲ್ಲಿ ಜಾರ್ತಾನೆ. ಸ್ಟಿಕ್ ಕತ್ತರಿಸುವಾಗ ಒಮ್ಮೆಗೆ ಅರ್ಧ ಇಂಚು ಮಾತ್ರ ತೆಗೆಸಿ, ಒಂದೆರಡು ಪ್ರ್ಯಾಕ್ಟೀಸ್ ಆಡಿ ನೋಡಿ, ಆಮೇಲೆ ಮತ್ತೆ. ಜಾಸ್ತಿ ಕತ್ತರಿಸಿಬಿಟ್ಟರೆ ತುದಿಗೆ ಉದ್ದ ಹೆಚ್ಚಿಸುವ ಪ್ಲಗ್ ಸಿಕ್ಕಿಸಬೇಕಾಗುತ್ತೆ, ಭಾರ ಮೇಲಿನ ಕೈಗೆ ಬಂದು ಒಂದೇ ಕೈಯಲ್ಲಿ ಹಿಡಿದು ಹಿಂದಕ್ಕೆ ಹೋಗುವಾಗ ಬ್ಲೇಡ್ ಐಸ್ ಬಿಟ್ಟು ಏಳೋಕೆ ಶುರುವಾಗುತ್ತೆ.